ಕೈಗುಣದ ಫೈಲು

ನಾನು ಒಂದು ರೆಕ್ಸಿನ್ ಫೈಲು. ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ಪ್ಲಾಸ್ಟಿಕ್ ಜಾತಿ ನನ್ನದಲ್ಲ. ಹುಬ್ಬಳ್ಳಿಯಲ್ಲಿ ಸ್ಕೂಟರ್ ಸೀಟು ಹೊಲಿಯುತ್ತಿದ್ದ ಮಕ್ತುಂಸಾಬರು, ಯಾರದೋ ಸೀಟಿಗೆ ಕತ್ತರಿಸಿ ಉಳಿದ ಕಂದು ತುಂಡಿಗೆ ಹಿತ್ತಾಳೆಯ ಜಿಪ್ಪು ಹಚ್ಚಿ ನನ್ನನ್ನು ಮಾಡಿದರು. ಒಳಗಿನ ಅಸ್ತರಿನ ಹಿಂದೆ ಒಂದು ಕಳ್ಳಜೇಬನ್ನೂ ಇಟ್ಟರು. "ಬೇಕಾದದ್ದು ಇದರಾಗ ಇಡ್ರಿ. ನಿಮ್ಮನ್ನ ಬಿಟ್ರ ಯಾರಿಗೂ ಗೊತ್ತಾಗಂಗಿಲ್ಲ" ಎಂದು ಮಾಡಿಸಿದವರಿಗೆ ಹೇಳಿದರು. ಆ ಜೇಬಿನಲ್ಲಿ ಈಗ ಒಂದು ಸಣ್ಣ ವಸ್ತು ಇದೆ. ಅದು ಅಲ್ಲಿಗೆ ಬಂದದ್ದು ಹೇಗೆ ಎಂಬುದೇ ನನ್ನ ಕಥೆ.

ನನ್ನನ್ನು ಮಾಡಿಸಿದವರು ಗುರುಶಾಂತಪ್ಪ. ನನ್ನನ್ನು ಕಂಕುಳಲ್ಲಿಟ್ಟುಕೊಂಡು ಹೋದ ಮೊದಲನೆಯ ಸಂದರ್ಶನದಲ್ಲೇ ಅವರಿಗೆ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ನೌಕರಿ ಸಿಕ್ಕಿತು. ಅಂದಿನಿಂದ ಮನೆಯವರೆಲ್ಲ ಈ ಫೈಲಿನ ಕೈಗುಣ ಭಾಳ ಚಲೋ ಎನ್ನತೊಡಗಿದರು. ಪ್ರತಿವರ್ಷ ಆಯುಧಪೂಜೆಗೆ ಸುತ್ತಿಗೆ, ಅರಗಳ ಪಕ್ಕದಲ್ಲಿ ನನಗೂ ಒಂದು ಕುಂಕುಮದ ಬೊಟ್ಟು ಬೀಳುತ್ತಿತ್ತು. ವರ್ಷಗಳು ಕಳೆದಂತೆ ಆ ಕಲೆ ನನ್ನ ಮೈಗೇ ಇಳಿಯಿತು. ಕೈಯೇ ಇಲ್ಲದ ನನಗೆ ಕೈಗುಣ ಎಲ್ಲಿಂದ ಬರಬೇಕು? ಆದರೆ ಹೊಗಳಿಕೆ ಯಾರಿಗೆ ಬೇಡ? ಕೇಳಿ ಕೇಳಿ ನಾನೂ ಅದನ್ನು ನಂಬಿದೆ.

ಇಪ್ಪತ್ತಾರು ವರ್ಷ ಹೀಗೆ ಸುಖವಾಗಿ ಕಳೆದ ಮೇಲೆ ಗುರುಶಾಂತಪ್ಪನವರ ಅಣ್ಣನ ಮಗಳು ನೀಲಾಂಬಿಕಾ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದಳು. ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಹಿಡಿದು ಪದವಿ ಪ್ರಮಾಣಪತ್ರದವರೆಗೆ ಅವಳ ಎಲ್ಲ ಮೂಲ ಕಾಗದಗಳನ್ನೂ ನನ್ನ ಹೊಟ್ಟೆಗೆ ತುಂಬಿದರು. "ಇದನ್ನ ಒಯ್ಯಿ ನೀಲಾ, ಖಾಲಿ ಕೈಲೆ ಬರಂಗಿಲ್ಲ ನೀ" ಎಂದು ಗುರುಶಾಂತಪ್ಪ ನನ್ನನ್ನು ಅವಳ ಕೈಗಿಟ್ಟರು.

ಏಳು ಸಂದರ್ಶನಗಳಿಂದ ಖಾಲಿ ಕೈಯಲ್ಲೇ ಬಂದಳು. ಒಂದು ಕಡೆ ಮುನ್ನೂರು ಜನರ ಸಾಲು; ಅರ್ಧ ಸಾಲು ಕರಗುವಷ್ಟರಲ್ಲಿ ಬಾಗಿಲು ಹಾಕಿದರು. ಇನ್ನೊಂದು ಕಡೆ ಎರಡು ವರ್ಷದ ಅನುಭವ ಕೇಳಿದರು. ಕೆಲಸ ಕೊಡದೆ ಅನುಭವ ಎಲ್ಲಿಂದ ತರುವುದು ಎಂದು ನಾನು ಅವಳ ತೊಡೆಯ ಮೇಲೆ ಕುಳಿತು ಬೈದುಕೊಂಡೆ. "ನಿಮ್ಮ ಬಗ್ಗೆ ಹೇಳಿ" ಎಂದು ಕೇಳಿದಾಗಲೆಲ್ಲ ಅವಳ ಬೆರಳುಗಳು ನನ್ನ ಅಂಚನ್ನು ಒತ್ತಿ ಹಿಡಿಯುತ್ತಿದ್ದವು. ಬಾಯಿಪಾಠದ ಉತ್ತರ ಮೂರನೆಯ ಸಾಲಿಗೆ ಬಂದಾಗ ಬೆವರು ನನ್ನ ಮೈಗೆ ಹತ್ತುತ್ತಿತ್ತು. ಎಲ್ಲರೂ ಫೋನ್ ಮಾಡುತ್ತೇವೆ ಎಂದರು. ಒಬ್ಬರೂ ಮಾಡಲಿಲ್ಲ.

ಎಂಟನೆಯದು ಊರ ಹೊರಗಿನ ಕೈಗಾರಿಕಾ ವಸಾಹತಿನಲ್ಲಿದ್ದ, ಸೋಲಾರ್ ಫಲಕ ಕೂಡಿಸುವ ಒಂದು ಕಂಪನಿ. ಮ್ಯಾನೇಜರ್ ಮೆಲುದನಿಯ ಮನುಷ್ಯ. ಎರಡೇ ಪ್ರಶ್ನೆ ಕೇಳಿ ಆಯ್ಕೆಯಾಗಿದೆ ಎಂದುಬಿಟ್ಟ. ಅಷ್ಟು ಸುಲಭಕ್ಕೆ ಸಿಕ್ಕದ್ದು ನನಗೆ ಸರಿ ಕಾಣಲಿಲ್ಲ. ಅವನ ಬೆನ್ನ ಹಿಂದೆ ಒಂದು ಹಸಿರು ಕಬ್ಬಿಣದ ಕಪಾಟಿತ್ತು.

"ಒರಿಜಿನಲ್ಸ್ ನಮ್ಮ ಹತ್ರ ಇರ್ತಾವ್ರಿ. ಎರಡ ವರ್ಷ ಅಷ್ಟ. ಇಲ್ಲೊಂದು ಸಹಿ ಮಾಡ್ರಿ."

ನೀಲಾ ಹೊರಗೆ ಬಂದು ಕಾಕಾನಿಗೆ ಫೋನು ಹಚ್ಚಿದಳು. ಆಚೆಯಿಂದ ಗುರುಶಾಂತಪ್ಪನವರ ದನಿ ನನಗೂ ಕೇಳಿಸಿತು. "ಬಿಡಿಬಿಡಿಯಾಗಿ ಕಾಗದ ಕೊಡಬ್ಯಾಡವಾ. ಫೈಲ್ ಸಮೇತ ಕೊಡು. ಆ ಫೈಲಿನ್ಯಾಗ ಇದ್ರ ಏನೂ ಆಗಂಗಿಲ್ಲ."

ಮೂಲ ಕಾಗದವನ್ನು ಯಾರ ಕೈಗೂ ಕೊಡಬಾರದೆಂದು ತಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮನುಷ್ಯ ನನ್ನನ್ನು ನಂಬಿ ಹಾಗೆಂದರು. ನನಗೆ ಬಾಯಿ ಇದ್ದಿದ್ದರೆ ಅಂದೇ ಕೂಗುತ್ತಿದ್ದೆ.

ಕಪಾಟಿನೊಳಗೆ ನನಗಿಂತ ಮೊದಲೇ ಬಂದ ಹನ್ನೊಂದು ಫೈಲುಗಳಿದ್ದವು. ಎರಡು ವರ್ಷದ ಅವಧಿ ಯಾವಾಗಲೋ ಮುಗಿದಂಥವೂ ಅವುಗಳಲ್ಲಿದ್ದವು. ಕೆಳಗಿನ ನೀಲಿ ಫೈಲಿನ ಹೊಟ್ಟೆಯನ್ನು ಬೆಳ್ಳಿಹುಳು ತಿಂದಿತ್ತು. ಅದರ ಒಡೆಯ ತಿಂಗಳಿಗೊಮ್ಮೆ ಬಂದು ಕೇಳುತ್ತಿದ್ದ. "ಮುಂದಿನ ತಿಂಗಳ ನೋಡೋಣ್ರಿ" ಎಂಬ ಮೆಲುದನಿ ಕೇಳುತ್ತಿತ್ತು. ಕೊನೆಗೆ ಅವನು ಬರುವುದನ್ನೇ ಬಿಟ್ಟ.

ನೀಲಾ ಬಿಸಿಲಿನಲ್ಲಿ ಮಾಳಿಗೆಗಳನ್ನು ಹತ್ತಿಳಿದು ದುಡಿದಳು. ಒಂಬತ್ತನೆಯ ತಿಂಗಳಲ್ಲಿ ಒಂದು ಸೋಮವಾರ ಓಡುತ್ತ ಬಂದ ಅವಳ ದನಿ ಕಬ್ಬಿಣದ ಬಾಗಿಲನ್ನು ದಾಟಿ ಬಂತು.

"ಸರ್, ವಿದ್ಯುತ್ ಇಲಾಖಾಕ ಪರೀಕ್ಷಾ ಬರದಿದ್ನಲ್ರಿ, ಅಸಿಸ್ಟಂಟ್ ಎಂಜಿನಿಯರ್ ಪಟ್ಟಿಯೊಳಗ ನನ್ನ ಹೆಸರ ಬಂದೈತ್ರಿ. ಗುರುವಾರ ಕಾಗದಪತ್ರ ತಪಾಸಣಿ. ಒರಿಜಿನಲ್ ಇಲ್ಲಂದ್ರ ಹೆಸರ ಹೊಡದ ಹಾಕ್ತಾರ್ರೀ."

"ಸಂತೋಷ. ಆದರ ಎರಡ ವರ್ಷ ಆಗಿಲ್ಲಲ್ಲ?"

"ಪೊಲೀಸರ ಹತ್ರ ಹೋಗ್ತೀನ್ರಿ."

"ಹೋಗ್ರಿ. ನೀವ ಸಹಿ ಮಾಡಿ ಕೊಟ್ಟೀರಿ. ಅದೆಲ್ಲಾ ಗುರುವಾರದೊಳಗ ಮುಗೀತದೇನು?"

ಅವಳು ಅತ್ತಳು. ಅವನು ಅಳಲು ಬಿಟ್ಟ. ನೀರು ಕುಡಿಯಲು ಹೇಳಿದ. ಆಮೇಲೆ ಮೊದಲಿಗಿಂತ ಮೆಲ್ಲಗೆ ಮಾತಾಡಿದ. "ಈಗಿನ ಹುಡುಗರು ಒರಿಜಿನಲ್ ಅಂದಕೂಡ್ಲೇ ಎದ್ದ ಹೊಂಟಬಿಡ್ತಾರ. ನನ್ನ ಮಾತ ನಂಬಂಗಿಲ್ಲ. ನಿಮ್ಮದಾದ್ರ ನಂಬ್ತಾರ. ನಾಳೆ ಇಂಟರ್ವ್ಯೂಕ ನನ್ನ ಬಾಜೂಕ ಕುಂದರ್ರಿ. ಒಬ್ಬರ ಕಾಗದ ಈ ಕಪಾಟಿಗೆ ಬರ್ಲಿ, ನಿಮ್ಮ ಫೈಲು ನಿಮ್ಮ ಕೈಯಾಗ."

ಅವಳ ಹೆಜ್ಜೆಯ ಸಪ್ಪಳ ಹೊರಬಾಗಿಲು ದಾಟಿ ಹೋಯಿತು.

ಮರುದಿನ ಬೆಳಗ್ಗೆ ನನ್ನನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಒಂಬತ್ತು ತಿಂಗಳ ಮೇಲೆ ಬೆಳಕು ಕಂಡೆ, ನೀಲಾಳ ಮುಖವನ್ನೂ ಕಂಡೆ. ಅವಳು ನನ್ನತ್ತ ನೋಡುತ್ತಿರಲಿಲ್ಲ.

ಮೊದಲು ಬಂದ ಹುಡುಗಿ ಕಾಗದ ಕೊಡುವುದಿಲ್ಲವೆಂದು ಎದ್ದು ಹೋದಳು. ಆಮೇಲೆ ಬಂದವನು ಇಳಕಲ್ಲಿನ ಸಂಗನಬಸು. ಇಸ್ತ್ರಿಯ ಗೆರೆ ಮುರಿಯಬಾರದೆಂದು ಬಸ್ಸಿನಲ್ಲಿ ನಿಂತೇ ಬಂದಿದ್ದನಂತೆ. ಅರ್ಜಿಯ ಜೊತೆ ಎರಡು ಫೋಟೋ ಕೊಟ್ಟ. ಕಳೆದರೆ ಗೊತ್ತಾಗಲೆಂದು ಎರಡರ ಬೆನ್ನಿಗೂ ಹೆಸರು, ಫೋನ್ ನಂಬರು ಬರೆದಿದ್ದ. ನೀಲಾ ಒಂದನ್ನು ಅಂಟಿಸಿದಳು. ಇನ್ನೊಂದನ್ನು ಎಲ್ಲಿಡುವುದೆಂದು ತಿಳಿಯದೆ, ತನ್ನ ಫೋಟೋ ಇಡುವ ರೂಢಿಯಂತೆ ನನ್ನ ಕಳ್ಳಜೇಬಿಗೆ ಸೇರಿಸಿದಳು.

ಒರಿಜಿನಲ್ ಮಾತು ಬಂದಾಗ ಸಂಗನಬಸು ಮ್ಯಾನೇಜರನನ್ನು ಬಿಟ್ಟು ಅವಳ ಕಡೆ ತಿರುಗಿದ. "ಕೊಡಬ್ಯಾಡ ಅಂತ ನಮ್ಮ ದೋಸ್ತರು ಹೇಳ್ಯಾರ್ರೀ. ನೀವೂ ಎಂಜಿನಿಯರ್ ಅದೀರಿ ಅಕ್ಕಾರ. ನೀವ ಹೇಳ್ರಿ, ಕೊಡ್ಲೇನ್ರಿ?"

ಫ್ಯಾನು ತಿರುಗುತ್ತಿತ್ತು. ಬೇಡ ಎನ್ನು ನೀಲಾ, ಬೇಡ ಎನ್ನು ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಜೊತೆಗೆ ಗುರುವಾರ ನನಗೂ ನೆನಪಿತ್ತು. ಮತ್ತೆ ಆ ಕಪಾಟಿಗೆ ಹೋಗಲು ನನಗೂ ಮನಸ್ಸಿರಲಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ.

ನೀಲಾ ನನ್ನ ಮೇಲೆ ಕೈಯಿಟ್ಟಳು. "ನಂದೂ ಇಲ್ಲೇ ಇತ್ತು. ನೋಡ್ರಿ, ಇವತ್ತ ವಾಪಸ್ ಕೊಡಾಕತ್ತಾರ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸಂಗನಬಸು ನನ್ನ ಮೈಮೇಲಿನ ಕುಂಕುಮದ ಕಲೆ ನೋಡಿ ನಕ್ಕ. "ನಮ್ಮವ್ವನೂ ಹಿಂಗ ಹಚ್ತಾಳ್ರಿ" ಎಂದು ತನ್ನ ಪ್ಲಾಸ್ಟಿಕ್ ಚೀಲ ತೆಗೆದ. ಅದರ ಮೂಲೆಯಲ್ಲೂ ಹಸಿ ಕುಂಕುಮವಿತ್ತು. ಕಪಾಟಿನಲ್ಲಿ ನಾನು ಮಲಗಿದ್ದ ಜಾಗಕ್ಕೇ ಅದು ಹೋಯಿತು. ಬೀಗ ಬಿತ್ತು.

ಗುರುವಾರ ತಪಾಸಣೆಯ ಅಧಿಕಾರಿ ನನ್ನೊಳಗಿನ ಕಾಗದಗಳನ್ನು ಒಂದೊಂದಾಗಿ ನೋಡಿ ತಲೆಯಾಡಿಸಿದರು. ಕೊನೆಗೆ ಇನ್ನೊಂದು ಫೋಟೋ ಕೇಳಿದರು. ನೀಲಾ ಕಳ್ಳಜೇಬಿಗೆ ಕೈಹಾಕಿ, ಸಿಕ್ಕದ್ದನ್ನು ನೋಡದೆ ಮೇಜಿನ ಮೇಲಿಟ್ಟಳು.

"ಇದು ನಿಮ್ಮದಲ್ಲಮ್ಮ. ಯಾರಿದು?"

ಅವಳು ಫೋಟೋ ನೋಡಿದಳು. "ಗೊತ್ತಿಲ್ರಿ ಸರ್" ಎಂದು ಅದನ್ನು ಬೇಗ ತೆಗೆದು ಒಳಗಿಟ್ಟು, ತನ್ನದನ್ನು ಹುಡುಕಿ ಕೊಟ್ಟಳು.

ನೌಕರಿ ಆಯಿತು. ಮನೆಯಲ್ಲಿ ಫೇಡೆ ಹಂಚಿದರು. "ಹೇಳಿದ್ನಿಲ್ಲೋ, ಫೈಲಿನ ಕೈಗುಣ!" ಎಂದು ಗುರುಶಾಂತಪ್ಪ ನನಗೆ ಮತ್ತೊಂದು ಬೊಟ್ಟಿಟ್ಟರು. ನನ್ನ ಜಾಗ ಈಗ ಅಲಮಾರಿಯ ತಲೆಯ ಮೇಲೆ. ನೀಲಾ ಕಾಗದಗಳನ್ನೆಲ್ಲ ಬೇರೆ ಪೆಟ್ಟಿಗೆಗೆ ಹಾಕಿಕೊಂಡಳು. ಆ ಫೋಟೋವನ್ನು ಮಾತ್ರ ತೆಗೆಯಲೂ ಇಲ್ಲ, ಹರಿಯಲೂ ಇಲ್ಲ.

ಕಂಪನಿಯಲ್ಲಿ ಅವಳ ನಂಬರು ಪಡೆದಿದ್ದ ಸಂಗನಬಸು ಮೊದಮೊದಲು ಪ್ರತಿ ಭಾನುವಾರ ಫೋನು ಮಾಡುತ್ತಿದ್ದ. "ಅಕ್ಕಾರ, ನಂದು ಯಾವಾಗ ಕೊಡ್ತಾರ್ರೀ? ಬ್ಯಾರೆ ಕಡೆ ಕೆಲಸ ಸಿಕ್ಕೈತಿ, ಒರಿಜಿನಲ್ ಕೇಳಾಕತ್ತಾರ." ಅವಳು ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದಳು. ಆ ಮಾತು, ಆ ಮೆಲುದನಿ ನಾನು ಕಪಾಟಿನೊಳಗಿಂದ ಎಷ್ಟು ಸಲ ಕೇಳಿದ್ದೇನೆ! ಬರಬರುತ್ತ ಅವಳು ಫೋನು ಎತ್ತುವುದನ್ನು ಬಿಟ್ಟಳು. ಒಂದು ಭಾನುವಾರ ಅದು ರಿಂಗಾಗಲಿಲ್ಲ. ಮರುವಾರವೂ ಇಲ್ಲ. ರಿಂಗಾಗುವಾಗ ಇದ್ದ ಭಯಕ್ಕಿಂತ ರಿಂಗಾಗದ ಭಯ ಅವಳಿಗೆ ಹೆಚ್ಚಾಯಿತು. ಈಗಲೂ ಭಾನುವಾರ ಬಂದರೆ ಅವಳು ಫೋನನ್ನು ಎದುರಿಗಿಟ್ಟುಕೊಂಡು ಕೂರುತ್ತಾಳೆ.

ಮೊನ್ನೆ ಪಕ್ಕದ ಮನೆಯ ಪಾರವ್ವ ಬಂದಿದ್ದರು. "ನಮ್ಮ ದಾಕ್ಷಾಯಣಿಗೆ ನಾಳೆ ಇಂಟರ್ವ್ಯೂ ಐತ್ರಿ. ಆ ಕೈಗುಣದ ಫೈಲ್ ಒಂದ್ ದಿನದ ಮಟ್ಟಿಗೆ ಕೊಡ್ರಿ."

"ಅದಕ್ಕೇನ್ರಿ, ಒಯ್ರಿ" ಎಂದು ಗುರುಶಾಂತಪ್ಪ ಸ್ಟೂಲು ಹತ್ತಿ ನನ್ನ ಕಡೆ ಕೈಚಾಚಿದರು.

"ಬ್ಯಾಡ ಕಾಕಾ" ಎಂದು ನೀಲಾ ಅಡುಗೆಮನೆಯಿಂದ ಕೂಗಿದಳು. "ಅದು ಹರದೈತಿ. ಅದರಾಗ ಏನಿಟ್ರೂ ಉಳಿಯಂಗಿಲ್ಲ."

ಗುರುಶಾಂತಪ್ಪನವರ ಕೈ ಅಲ್ಲೇ ನಿಂತಿತು. ಪಾರವ್ವ ಬೇಜಾರು ಮಾಡಿಕೊಂಡು ಹೋದರು.

ನಾನು ಹರಿದಿಲ್ಲ. ಮಕ್ತುಂಸಾಬರ ಹೊಲಿಗೆ ಒಂದೂ ಬಿಟ್ಟಿಲ್ಲ. ಕಳ್ಳಜೇಬಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸಂಗನಬಸು ಇಂದಿಗೂ ಹಾಗೆಯೇ ಇದ್ದಾನೆ.