ಬ್ರೆಡ್ ಬಿಟ್ಟು ಮಾಡಿಸಿದ ಪರೀಕ್ಷೆ

ಡರ್ವ್ಲಾಳಿಗೆ ಎರಡು ವರ್ಷದಿಂದ ಸುಸ್ತು. ಹೊಟ್ಟೆ ಉಬ್ಬರ, ಬಾಯಿಹುಣ್ಣು. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ರಕ್ತ ಏರದು. ಐರ್ಲೆಂಡಿನ ಕೆರ್ರಿ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಇದಕ್ಕೆ ಒಂದೇ ಮಾತು: "ಆ ಮನೆಯವರ ಹೊಟ್ಟೆಯೇ ನಾಜೂಕು." ನಾನೂ ಹಾಗೆ ಅಂದವಳೇ. ವೈದ್ಯರು ಮಾತ್ರ ಸೀಲಿಯಾಕ್ ಕಾಯಿಲೆ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಏನೂ ಇಲ್ಲವೆಂದು ಬಂತು.

ಈಸ್ಟರ್ ಹಿಂದಿನ ವಾರ ಊರಿನ ಚಿಕಿತ್ಸಾಲಯದ ನರ್ಸ್ ಅಸುಂಪ್ತಾ ಡರ್ವ್ಲಾಳ ಮನೆಗೆ ಚಹಾಕ್ಕೆ ಹೋದಳು. ಡರ್ವ್ಲಾಳ ತಾಯಿ ಗೋಬ್ನಿತ್ ಬಿಸಿ ಸೋಡಾ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಮಗಳ ತಟ್ಟೆ ಮಾತ್ರ ಖಾಲಿ.

"ನಿಂಗೆ ಬೇಡ್ವೇನೇ?" ಎಂದಳು ಅಸುಂಪ್ತಾ.

"ತಪಸ್ಸುಕಾಲ ಅಲ್ವಾ? ಈಸ್ಟರ್ ತನಕ ನಲವತ್ತು ದಿನ ಇಷ್ಟವಾದದ್ದು ಏನಾದ್ರೂ ಬಿಡ್ಬೇಕು. ಹೋದ್ ವರ್ಷ ಚಾಕೊಲೇಟ್ ಬಿಟ್ಟು ಮೂರೇ ದಿನಕ್ಕೆ ಸೋತೆ. ಈ ಸಲ ಬ್ರೆಡ್ಡು, ಬಿಸ್ಕತ್ತು, ಕೇಕು ಎಲ್ಲಾ ಬಿಟ್ಟಿದೀನಿ. ಹೊಟ್ಟೆನೂ ಹಗುರ ಆಗಿದೆ."

ಅಸುಂಪ್ತಾ ಬಟ್ಟಲು ಕೆಳಗಿಟ್ಟಳು. "ರಕ್ತ ಕೊಟ್ಟಿದ್ದು ಯಾವಾಗ?"

"ಹೋದ್ ವಾರ."

"ಡಾಕ್ಟರಿಗೆ ಇದನ್ನ ಹೇಳಿದ್ಯಾ?"

"ದೇವರಿಗೆ ಹೇಳಿದ್ದೆ. ವ್ರತಾನ ಊರಿಗೆಲ್ಲ ಸಾರ್ತಾರಾ?"

"ಅಯ್ಯೋ ಮಾರಾಯ್ತಿ! ಸೀಲಿಯಾಕ್ ಇದ್ದೋರು ಗೋಧಿ, ಬಾರ್ಲಿ ತಿಂದ್ರೆ ಮೈ ತನ್ನ ಕರುಳಿನ ಮೇಲೇ ಜಗಳಕ್ಕೆ ಬೀಳುತ್ತೆ. ಆ ಜಗಳದ ಗುರುತನ್ನೇ ರಕ್ತದಲ್ಲಿ ಹುಡುಕೋದು. ತಿನ್ನೋದೇ ಬಿಟ್ರೆ ಗುರುತು ಎಲ್ಲಿಂದ ಸಿಗುತ್ತೆ? ಡಾಕ್ಟರ್ ಹತ್ರ ಮಾತಾಡೋಣ. ಆರು ವಾರ ದಿನಾ ಎರಡು ಹೊತ್ತು ಬ್ರೆಡ್ ತಿಂದು ಮತ್ತೆ ರಕ್ತ ಕೊಡು."

ಗೋಬ್ನಿತ್ ಸಿಡುಕಿದಳು. "ಬಿಟ್ಟು ಚೆನ್ನಾಗಿದಾಳೆ, ಹಾಗೇ ಇರ್ಲಿ ಬಿಡು. ಮತ್ತೆ ತಿನ್ಸಿ ನರಳಿಸ್ತೀಯಾ?"

"ಈಸ್ಟರ್ ಕೇಕ್ ಎದುರಿಗೆ ಬಂದ್ರೆ ವ್ರತ ಮುಗೀತು ಅಂತಾಳೆ. ಕಾಯಿಲೆ ಹೆಸರು ಗೊತ್ತಿಲ್ದೆ ಯಾರು ಜೀವಮಾನ ಪೂರ್ತಿ ಪಥ್ಯ ಮಾಡ್ತಾರೆ? ಮಾಡದಿದ್ರೆ ಮೂಳೆ ಸವೆಯುತ್ತೆ. ಇದು ವಂಶದಲ್ಲಿ ಬರೋದು ಬೇರೆ. ಗೊತ್ತಾದ್ರೆ ಮನೆಯವರೂ ಪರೀಕ್ಷೆ ಮಾಡಿಸ್ಕೋಬಹುದು."

ಆ ಆರು ವಾರ ಡರ್ವ್ಲಾ ಬಹಳ ಕಷ್ಟಪಟ್ಟಳು. ಆದರೆ ಈ ಸಲ ರಕ್ತದಲ್ಲಿ ಗುರುತು ಸಿಕ್ಕಿತು. ತಜ್ಞರು ಕರುಳನ್ನೂ ನೋಡಿ ಸೀಲಿಯಾಕ್ ಎಂದು ಖಚಿತಪಡಿಸಿದರು.

ಮರುದಿನ ಗೋಬ್ನಿತ್ ತಾನೇ ಚಿಕಿತ್ಸಾಲಯಕ್ಕೆ ಹೋದಳು. ಎಪ್ಪತ್ತರ ಆ ಹೆಂಗಸು ಅಸುಂಪ್ತಾಳ ಮುಂದೆ ಕೂತು ಅಂಗಿಯ ತೋಳನ್ನು ಮೇಲಕ್ಕೆ ಮಡಚಿದಳು.

"ನಮ್ಮಮ್ಮನೂ ಹೀಗೇ ಸೊರಗಿ ಸೊರಗಿ ಹೋದ್ಲು. ಹೊಟ್ಟೆ ನಾಜೂಕು ಅಂದ್ಕೊಂಡೇ ಮಣ್ಣು ಮಾಡಿದ್ವಿ. ನಾನು ಬೆಳಿಗ್ಗೆನೂ ಬ್ರೆಡ್ ತಿಂದೇ ಬಂದಿದೀನಿ ಕಣೇ. ತಗೋ, ಎಷ್ಟು ರಕ್ತ ಬೇಕೋ ತಗೋ."

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಇಂಥ ಸುಸ್ತು, ಹೊಟ್ಟೆಯ ತೊಂದರೆ ಇದ್ದರೆ ವೈದ್ಯರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೆ ಮೊದಲು ನೀವಾಗಿ ಗೋಧಿ ಬಿಡಬೇಡಿ. ಈಗಾಗಲೇ ಬಿಟ್ಟಿದ್ದರೆ, ದೇವರಿಗೆ ಹೇಳಿದ್ದನ್ನು ದಯವಿಟ್ಟು ವೈದ್ಯರಿಗೂ ಹೇಳಿ.