ಬಿಸಿಯಾಗದ ಎಂಜಿನ್

ಎಂಜಿನ್ನಿಗೆ ಎಣ್ಣೆ ಹಾಕಲೆಂದು ಮುಚ್ಚಳ ತಿರುಗಿಸಿದ ಅರ್ಲೀನಳ ಎದೆ ಧಸಕ್ಕೆಂದಿತು. ಮುಚ್ಚಳದ ಒಳಗೆಲ್ಲ ಹಳದಿ ಬಿಳುಪಿನ ನೊರೆ ಬೆಣ್ಣೆಯ ಹಾಗೆ ಮೆತ್ತಿಕೊಂಡಿತ್ತು. ಎಂಜಿನ್ನಿನೊಳಗೆ ನೀರು ನುಗ್ಗಿದರೆ ಹೀಗಾಗುತ್ತದೆ, ಆಮೇಲೆ ಕಾರು ಗುಜರಿಗೇ ಎಂದು ಗಂಡ ಓರೆಸ್ಟ್ ಒಮ್ಮೆ ಹೇಳಿದ್ದ. ಎಲೆ ಉದುರುವ ಕಾಲದಲ್ಲಿ ಅವನು ತೀರಿಕೊಂಡ ಮೇಲೆ ಅವನ ಜೀವದಂತೆ ಉಳಿದದ್ದು ಈ ನೀಲಿ ಕಾರೊಂದೇ.

ಅವಳೇನು ಕಡಿಮೆ ಜೋಪಾನ ಮಾಡಿದ್ದಳೇ? ಸಸ್ಕಾಚೆವಾನ್ ಪ್ರಾಂತ್ಯದ ಆ ಕೊರೆಯುವ ಚಳಿಯಲ್ಲಿ ದಿನಾ ಬೆಳಿಗ್ಗೆ ನಿಲುವಂಗಿಯಲ್ಲೇ ಹೊರಬಂದು ಕಾರು ಸ್ಟಾರ್ಟ್ ಮಾಡುವಳು. ಸ್ವಲ್ಪ ಹೊತ್ತು ಗುರುಗುಟ್ಟಲು ಬಿಟ್ಟು ಆರಿಸುವಳು. ಸವೆದೀತೆಂದು ಅಂಗಡಿಗೂ ನಡೆದೇ ಹೋಗುವಳು.

ಅವಳ ಅಳು ಕೇಳಿ ಪಕ್ಕದ ಮನೆಯ ವೆರ್ನಾ ಓಡಿಬಂದಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಬಾಯಿ ಬಲು ಜೋರು. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದಳು, ಎಂಜಿನ್ ತಂಪಾಗಿಡುವ ನೀರಿನ ಡಬ್ಬಿ ಬಗ್ಗಿ ನೋಡಿದಳು. ಆಮೇಲೆ ನಗತೊಡಗಿದಳು.

"ಅಳ್ತಿದೀನಿ ನಾನು, ನಿನಗೆ ನಗು!"

"ನಗದೆ ಏನ್ಮಾಡ್ಲೇ? ಕಡ್ಡೀಲಿ ಎಣ್ಣೆ ಶುದ್ಧವಾಗಿದೆ, ಡಬ್ಬೀಲಿ ನೀರು ತುಂಬಿದೆ. ಎಲ್ಲೂ ಸೋರಿಲ್ಲ. ಎಂಜಿನ್ನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟೋ ಹಬೆ ಇದು. ಪೂರ್ತಿ ಬಿಸಿಯಾದ್ರೆ ಆರಿಹೋಗತ್ತೆ. ನೀನು ಬಿಸಿಯಾಗೋಕೆ ಮುಂಚೇನೇ ಆರಿಸಿದ್ರೆ ಎಣ್ಣೆ ಜೊತೆ ಕಲಸಿಕೊಂಡು ಹಿಂಗೇ ಕೂರತ್ತೆ."

"ಹಂಗಾದ್ರೆ ನಾನೇ ಹಾಳು ಮಾಡ್ದೆನಾ?"

"ಮುದ್ದು ಮಾಡಿ ಕೆಡಿಸ್ದೆ. ಕಾರು ಹತ್ತು, ದೊಡ್ಡ ರಸ್ತೆಗೆ ಹೋಗೋಣ. ನೀನೇ ಓಡಿಸು."

ವೆರ್ನಾ ಮುಚ್ಚಳ ಒರೆಸಿ ಹಾಕಿದಳು. ಅರ್ಲೀನ್ ಕಾರನ್ನು ಹೆದ್ದಾರಿಗೆ ತಿರುಗಿಸಿದಳು. ಯಾವತ್ತೂ ಅಲ್ಲಿ ಓಡಿಸುತ್ತಿದ್ದವನು ಓರೆಸ್ಟ್. ಈಗ ದಾರಿ ಆರಿಸಿದವಳು ಅರ್ಲೀನಳೇ. ಕಾರು ಹಿಮ ಮುಚ್ಚಿದ ಗೋಧಿಹೊಲಗಳನ್ನು ದಾಟಿ, ತಾಸು ಹೊತ್ತು ಓಡಿ, ಓರೆಸ್ಟನ ಹುಟ್ಟೂರಿನ ಇಗರ್ಜಿಯ ಮುಂದೆ ನಿಂತಿತು. ಅವನನ್ನು ಮಣ್ಣು ಮಾಡಿದ ದಿನದ ನಂತರ ಅವಳು ಅಲ್ಲಿಗೆ ಬಂದಿರಲೇ ಇಲ್ಲ. ಕಾರು ಸವೆಯುತ್ತದೆ ಎಂದು ಎಲ್ಲರಿಗೂ ಹೇಳಿದ್ದಳು, ತನಗೂ ಹೇಳಿಕೊಂಡಿದ್ದಳು.

ಸಮಾಧಿಯ ಮೇಲಿನ ಹಿಮ ಸರಿಸಿ, "ನಿನ್ ಕಾರು ಚೆನ್ನಾಗಿದೆ ಕಣೋ," ಎಂದಳು. ಆಮೇಲೆ ಮನಸಾರೆ ಅತ್ತಳು.

ಮನೆಗೆ ಬಂದು ಎಂಜಿನ್ ತಣಿದ ಮೇಲೆ ಮುಚ್ಚಳ ತೆಗೆದರು. ಒಳಗೆ ಎಣ್ಣೆಯ ತೆಳು ಹೊಳಪು, ಅಷ್ಟೇ. ಅರ್ಲೀನ್ ಗೆಳತಿಯನ್ನು ತಬ್ಬಿಕೊಂಡಳು.

"ನಿನ್ನ ಉಪಕಾರ ಮರೆಯೋಳಲ್ಲ ನಾನು."

"ಬರೀ ಮಾತು ಬೇಡ, ಆಲೂಗಡ್ಡೆ ಕಡುಬು ಮಾಡಿ ಹಾಕು. ಮತ್ತೆ ಕಾರನ್ನ ವಾರಕ್ಕೊಂದ್ಸಲ ದೂರ ಓಡಿಸು. ಎಲ್ಲಿಗಾದ್ರೂ ಸರಿ."

"ಎಲ್ಲಿಗೆ ಅಂತ ಗೊತ್ತಾಯ್ತು ಬಿಡು," ಎಂದಳು ಅರ್ಲೀನ್.