ಗ್ಯಾಲರಿಯಲ್ಲಿ ಕೂತ ಅಕ್ಕ

ತಿರುವನಂತಪುರದ ಪಟ್ಟಂನಲ್ಲಿ ನೆಲೆಸಿರುವ ಕಾಸರಗೋಡಿನ ಸುಶೀಲಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ಫುಟ್‌ಬಾಲ್ ಆಡಿಯೇ ಬೆಳೆದವರು. ದೊಡ್ಡವಳು ನಿಶ್ಮಿತಾಳಿಗೆ ಕ್ರೀಡಾ ಕೋಟಾದಲ್ಲಿ ಸರಕಾರಿ ಕೆಲಸ ಸಿಕ್ಕಿತು. ಅದೇ ವರ್ಷ ಕೊಚ್ಚಿಯ ಮಹಿಳಾ ಕ್ಲಬ್ಬೊಂದು ಲೀಗ್ ಆಡಲು ಅವಳನ್ನು ಕರೆದಿತ್ತು.

"ಕೆಲಸ ಸಿಕ್ಕಿತಲ್ಲ, ಇನ್ನು ಚೆಂಡಿನ ಹಿಂದೆ ಓಡುವುದು ಎಂತಕ್ಕೆ?" ಎಂದರು ವಕೀಲರಾಗಿದ್ದ ತಂದೆ ತಿರುಮಲೇಶ್ವರ. ಸುಶೀಲಮ್ಮನೂ ಹೂಂಗುಟ್ಟಿದರು. ನಿಶ್ಮಿತಾ ಬೂಟು ತೊಳೆದು, ಒಣಗಿಸಿ, ತಂಗಿಗೆ ಕೊಟ್ಟಳು.

ವರ್ಷಗಳು ಕಳೆದು ಈಗ ಅದೇ ಕ್ಲಬ್ಬು ಕಾಲೇಜು ಓದುತ್ತಿರುವ ತಂಗಿ ವಿಜೇತಾಳನ್ನು ಕರೆದಿದೆ.

"ಇವಳಿಗೂ ಮೊದಲು ಕೆಲಸ ಆಗಲಿ" ಎಂದರು ಸುಶೀಲಮ್ಮ, ಪಕ್ಕದ ಮನೆಯ ಜುಬೈದಾಳೊಡನೆ. ಜುಬೈದಾ ಮಂಜೇಶ್ವರದವಳು, ಶಾಲೆಯ ಹುಡುಗಿಯರಿಗೆ ಆಟ ಕಲಿಸುವವಳು.

"ಅಷ್ಟರಲ್ಲಿ ಆಡುವ ಪ್ರಾಯ ಹೋಗ್ತದೆ ಅಕ್ಕಾ. ಈಗ ಆಟವೂ ಕೆಲಸವೇ. ಸಂಬಳ ಉಂಟು, ಕರಾರು ಉಂಟು."

"ಕಾಲು ಮುರಿದ್ರೆ ಯಾರು ನೋಡ್ತಾರೆ? ನೀನಾ?"

"ಅದನ್ನೇ ಅಲ್ಲಿ ಹೋಗಿ ಕೇಳಿ. ನಿಶ್ಮಿತಾಳ ಸಲ ಕೇಳಿದ್ರಾ?"

ಕೇಳಿರಲಿಲ್ಲ. ಕೆಲಸದ ಜೊತೆಗೇ ಆಡಲು ದಾರಿ ಇದೆಯೇ ಎಂದು ಕೂಡ ಯಾರೂ ವಿಚಾರಿಸಿರಲಿಲ್ಲ.

ಭಾನುವಾರ ಜುಬೈದಾಳೂ ಸೇರಿ ಎಲ್ಲರೂ ಕೊಚ್ಚಿಗೆ, ಆ ಕ್ಲಬ್ಬಿನ ಪಂದ್ಯ ನೋಡಲು ಹೊರಟರು. ಸುಶೀಲಮ್ಮ ಮೀನು ತಿನ್ನುವುದಿಲ್ಲವೆಂದು ಜುಬೈದಾ ಅವರಿಗಾಗಿ ಬೇರೆ ಡಬ್ಬಿಯಲ್ಲಿ ಪತ್ತಿರಿ ಎಂಬ ತೆಳು ಅಕ್ಕಿರೊಟ್ಟಿ, ತೆಂಗಿನಕಾಯಿ ಅರೆದು ಹಾಕಿದ ಕಡಲೆಗಸಿ ತಂದಿದ್ದಳು.

ಪಂದ್ಯಕ್ಕೆ ಮುಂಚೆ ಕ್ಲಬ್ಬಿನ ಕೋಚ್ ಸಿಕ್ಕಿದರು. ಗಾಯವಾದರೆ ಚಿಕಿತ್ಸೆ ಕ್ಲಬ್ಬಿನದು, ಹಾಸ್ಟೆಲಿನಲ್ಲಿ ವಾರ್ಡನ್ ಇದ್ದಾರೆ, ಕಾಲೇಜು ಬಿಡಬೇಕಾಗಿಲ್ಲ ಎಂದು ಆಕೆ ತಾಳ್ಮೆಯಿಂದ ವಿವರಿಸಿದರು. ತಿರುಮಲೇಶ್ವರ ಕರಾರನ್ನು ಸಾಲು ಸಾಲಾಗಿ ಓದಿ, ಒಂದೊಂದು ಸಾಲಿಗೂ ಪ್ರಶ್ನೆ ಕೇಳಿದರು.

"ಕೋರ್ಟಿನಲ್ಲಿ ಕೂಡ ಇಷ್ಟು ಪ್ರಶ್ನೆ ಕೇಳಿರಲಿಕ್ಕಿಲ್ಲ ಇವರು" ಎಂದು ಜುಬೈದಾ ನಕ್ಕಳು.

ಗ್ಯಾಲರಿ ಮುಕ್ಕಾಲು ತುಂಬಿತ್ತು. "ಮೊದಲೆಲ್ಲ ಆಟಗಾರ್ತಿಯರ ಮನೆಯವರು ಮಾತ್ರ ಬರ್ತಿದ್ರು" ಎಂದಳು ಜುಬೈದಾ. ಆಟ ಶುರುವಾಯಿತು. ಹಿಂದೆ ನಿಶ್ಮಿತಾ ಆಡುತ್ತಿದ್ದ ಎಡಬದಿಗೆ ಚೆಂಡು ಬಂದಾಗಲೆಲ್ಲ ಅವಳ ಕಾಲು ಕುರ್ಚಿಯ ಕೆಳಗೆ ತಾನಾಗಿಯೇ ಮುಂದಕ್ಕೆ ಚಿಮ್ಮುತ್ತಿತ್ತು. ಸುಶೀಲಮ್ಮ ಅದನ್ನು ನೋಡಿದರು. ಮತ್ತೆ ಪಂದ್ಯ ನೋಡಲು ಅವರಿಂದಾಗಲಿಲ್ಲ.

"ಆಗ ಆಟ ಬಿಡುವಾಗ ನಿನಗೆ ಬೇಜಾರಾಗಿತ್ತಾ ಮಗಾ?"

"ಆಗ ಅಷ್ಟು ಗೊತ್ತಾಗಲಿಲ್ಲಮ್ಮಾ. ಈಗ ಆಗ್ತದೆ."

ತಿರುಮಲೇಶ್ವರರಿಗೂ ಅದು ಕೇಳಿಸಿತು. ಪಂದ್ಯ ಮುಗಿದ ಮೇಲೆ ಅವರೇ ಕೋಚ್ ಹತ್ತಿರ ಹೋಗಿ, "ವಿಜೇತಾ ಯಾವಾಗ ಬರಬೇಕು?" ಎಂದರು. ಆಮೇಲೆ ದನಿ ತಗ್ಗಿಸಿ, "ದೊಡ್ಡವಳಿಗೂ ಒಂದು ಅವಕಾಶ..." ಎಂದರು.

"ಇಷ್ಟು ವರ್ಷ ಬಿಟ್ಟ ಮೇಲೆ ಲೀಗಿನ ಆಟ ಕಷ್ಟ, ಸರ್" ಎಂದರು ಕೋಚ್, ಮೆಲ್ಲಗೆ.

ನಿಶ್ಮಿತಾ ಅಪ್ಪನ ಕೈ ಹಿಡಿದು ಮೆಟ್ಟಿಲಿಳಿಸಿದಳು.

ಅಮ್ಮಂದಿರೇ, ಅಪ್ಪಂದಿರೇ, ಮಗಳಿಗೆ ಇಂಥ ಕರೆ ಬಂದರೆ ಮನೆಯಲ್ಲೇ ಕೂತು ಬೇಡ ಅನ್ನಬೇಡಿ. ಒಂದು ಪಂದ್ಯ ನೋಡಿ. ಚಿಕಿತ್ಸೆ, ಓದು, ವಸತಿಯ ಬಗ್ಗೆ ಕೇಳಿ, ಕರಾರು ಓದಿ. ಎಲ್ಲಕ್ಕಿಂತ ಮೊದಲು ಮಗಳನ್ನು ಕೇಳಿ. ಅವಳು ಆಡಬಲ್ಲ ವರ್ಷಗಳು ಕಡಿಮೆ. ನಮ್ಮ ಅನುಮಾನದಲ್ಲೇ ಅವು ಕಳೆದುಹೋಗದಿರಲಿ.